ಸಣ್ಣ ಬ್ಯಾಟರಿ ಡ್ರಿಲ್ ಒಂದರಲ್ಲೇ ಕಿಚನ್ ಕೆಲಸ ಮುಗಿಯುತ್ತದೆಯೇ?

"12 ವೋಲ್ಟಿನ ಸಣ್ಣ ಬ್ಯಾಟರಿ ಡ್ರಿಲ್ ಒಂದು ತಗೊಂಡ್ರ ಕಿಚನ್ ಕೆಲಸ ಎಲ್ಲಾ ಆಗ್ತದೇನ್ರೀ?" ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಮಾಡ್ಯುಲರ್ ಕಿಚನ್ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗರೂ ಕೇಳುವುದು ಇದನ್ನೇ, ಮನೆಯ ಶಟರ್ (ಕಪಾಟಿನ ಬಾಗಿಲು) ತಾವೇ ಕೂಡಿಸಿಕೊಳ್ಳಬೇಕು ಎನ್ನುವವರೂ ಕೇಳುವುದು ಇದನ್ನೇ. ಪ್ಲೈವುಡ್ ಕೆಲಸ ಅಷ್ಟೂ ಆಗುತ್ತದೆ, ಗೋಡೆ ಕೆಲಸ ಆಗುವುದಿಲ್ಲ. ಎಲ್ಲಿಯವರೆಗೆ ಆಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಡಬ್ಬಿಯ ಮೇಲಿನ ಅಂಕಿ. 12 ವೋಲ್ಟ್ ಎಂದು ಮಾರುವ ಬ್ಯಾಟರಿಯಲ್ಲಿ ಇರುವುದು 3 ಲಿಥಿಯಂ ಸೆಲ್. ಒಂದೊಂದು 3.6 ವೋಲ್ಟ್, ಒಟ್ಟು 10.8. ಪೂರ್ತಿ ಚಾರ್ಜ್ ಆದಾಗ ಮಾತ್ರ 12ರ ಆಸುಪಾಸು ತೋರಿಸುತ್ತದೆ. 18 ವೋಲ್ಟಿನದರಲ್ಲಿ 5 ಸೆಲ್. 20 ವೋಲ್ಟ್ ಎಂದು ಬರೆದದ್ದೂ ಸಾಮಾನ್ಯವಾಗಿ ಅದೇ 5 ಸೆಲ್ಲೇ. ಆ ಎರಡು ವೋಲ್ಟಿಗೆ ಬೇರೆ ದುಡ್ಡು ಕೊಡಬೇಡಿ. ತಿರುಚುವ ಬಲ ಸಣ್ಣದರಲ್ಲಿ ಸುಮಾರು 30 ನ್ಯೂಟನ್ ಮೀಟರ್, ದೊಡ್ಡದರಲ್ಲಿ 50ರ ಮೇಲೆ. ಆದರೆ ಬಾಕ್ಸ್ ಜೋಡಿಸುವ 4×50 ಸ್ಕ್ರೂಗೆ (4 ಮಿ.ಮೀ. ದಪ್ಪ, 50 ಮಿ.ಮೀ. ಉದ್ದ) ಪೈಲಟ್ ತೂತು, ಅಂದರೆ ಸ್ಕ್ರೂಗಿಂತ ಸಣ್ಣ ತೂತು, ಮೊದಲೇ ಹಾಕಿದ್ದರೆ ಆ 30ರಲ್ಲಿ ಅರ್ಧವೂ ಬೇಕಾಗುವುದಿಲ್ಲ. ಕಿಚನ್‌ನಲ್ಲಿ ಶಟರ್ ಕೆಡುವುದು, ಸ್ಕ್ರೂ ಸಡಿಲಾಗುವುದು ಬಲ ಸಾಲದ್ದಕ್ಕಲ್ಲ, ಬಲ ಹೆಚ್ಚಾದದ್ದಕ್ಕೆ. ಇದೊಂದು ತಲೆಗೆ ಹೋದರೆ ಸಣ್ಣ ಮಷಿನ್ನೇ ಸರಿ ಎನ್ನುವುದು ತಾನಾಗಿ ತಿಳಿಯುತ್ತದೆ.

ತೂಕವೂ ಅದರ ಪರವಾಗಿದೆ. ಬ್ಯಾಟರಿ ಸೇರಿ ಸುಮಾರು ಒಂದು ಕಿಲೋ. ತಲೆಯ ಮೇಲಿನ ಬಾಕ್ಸ್‌ಗೆ ಕೈ ಎತ್ತಿ ಹಿಂಜ್ ಕೂಡಿಸುವಾಗ ಆ ಅರ್ಧ, ಮುಕ್ಕಾಲು ಕಿಲೋ ವ್ಯತ್ಯಾಸ ಭುಜಕ್ಕೆ ಗೊತ್ತಾಗುತ್ತದೆ. ಉದ್ದವೂ ಕಡಿಮೆ, ಹೀಗಾಗಿ ಒಂದು ಅಡಿ ಅಗಲದ ಬಾಕ್ಸ್‌ನೊಳಗೆ ಬಿಟ್ ಹೋಲ್ಡರ್ ಸಮೇತ ತಿರುಗಿಸಬಹುದು. ಎಣ್ಣೆ ಬಾಟಲಿ ಇಡುವ 200 ಮಿ.ಮೀ. ಪುಲ್‌ಔಟ್ ಬಾಕ್ಸ್‌ನಲ್ಲಿ ಮಾತ್ರ ಇದೂ ಹಿಡಿಯುವುದಿಲ್ಲ. ಅಲ್ಲಿ ಬಾಕ್ಸ್ ಜೋಡಿಸುವ ಮೊದಲೇ, ಹಲಗೆ ನೆಲದ ಮೇಲೆ ಮಲಗಿದ್ದಾಗಲೇ ಅದು ಜಾರುವ ಚಾನೆಲ್ ಹೊಡೆದುಬಿಡಿ.

ಆಟೋ ಹಿಂಜ್‌ನ ಬಟ್ಟಲಿನಂಥ ಭಾಗ ಶಟರ್‌ನೊಳಗೆ ಕೂರಲು ಹಾಕುವ ಕಪ್ ತೂತು ಈ ಮಷಿನ್‌ಗೆ ಬೀಳುವ ಅತಿ ಭಾರದ ಕೆಲಸ. ಬಿಟ್ 35 ಮಿ.ಮೀ., ಆಳ 12ರಿಂದ 12.5. ಕಪ್ ಅಂಚಿಗೂ ಶಟರ್ ಅಂಚಿಗೂ ನಡುವೆ 5 ಮಿ.ಮೀ. ಬಿಡುವುದಾದರೆ ತೂತಿನ ಮಧ್ಯಬಿಂದು ಅಂಚಿನಿಂದ 22.5 ಮಿ.ಮೀ.ಗೆ ಬರುತ್ತದೆ. ಗೇರ್ 1ರಲ್ಲಿ, ಅಂದರೆ ನಿಮಿಷಕ್ಕೆ 400 ಸುತ್ತಿನ ಆಸುಪಾಸಿನಲ್ಲಿ, ಶಟರ್ ಮೇಜಿನ ಮೇಲೆ ಬಿಗಿಯಾಗಿ ಕೂತಿರುವಾಗ ಹಾಕಿ. ಗೇರ್ 2ಕ್ಕೆ ಹಾಕಿ ಮೇಲಿಂದ ಒತ್ತಿದರೆ ಮಷಿನ್ ಗಕ್ಕನೆ ನಿಲ್ಲುತ್ತದೆ, ಪ್ಲೈ ಸುಟ್ಟ ವಾಸನೆ ಬರುತ್ತದೆ, ಬಿಟ್‌ನ ಹರಿತವೂ ಹೋಗುತ್ತದೆ. ಅರ್ಧ ಆಳಕ್ಕೆ ಒಮ್ಮೆ ಎತ್ತಿ ಹೊಟ್ಟು ತೆಗೆಯಿರಿ. ಬಿಟ್‌ನ ನಡುವಿನ ಮೊನೆ ಕಪ್‌ನ ತಳಕ್ಕಿಂತ ಎರಡು ಮೂರು ಮಿ.ಮೀ. ಕೆಳಗೆ ಇಳಿಯುತ್ತದೆ ಎಂಬುದನ್ನು ಮರೆತವರೇ 16 ಮಿ.ಮೀ. ಹಲಗೆಯಲ್ಲಿ ಮುಂದಿನ ಮೈಕಾಕ್ಕೆ ಗುಳ್ಳೆ ಎಬ್ಬಿಸುವುದು. 18ರ ಪ್ಲೈಯಲ್ಲಿ ಆ ಭಯವಿಲ್ಲ. 12 ಮಿ.ಮೀ. ಶಟರ್‌ಗೆ ಈ ಹಿಂಜ್ ಕೂಡುವುದೇ ಇಲ್ಲ, ಯಾರು ಎಷ್ಟೇ ಒತ್ತಾಯ ಮಾಡಿದರೂ ಬೇಡ ಎನ್ನಿ.

ಬಾಕ್ಸ್ ಕಡೆಯ ಪ್ಲೇಟ್‌ಗೆ ಮುಂದಿನ ಅಂಚಿನಿಂದ 37 ಮಿ.ಮೀ. ಗೆರೆ, ಆ ಗೆರೆಯ ಮೇಲೆ 32 ಮಿ.ಮೀ. ಅಂತರದಲ್ಲಿ ಎರಡು ತೂತು. ಶಟರ್ ಎತ್ತರ 900 ಮಿ.ಮೀ. ಒಳಗಿದ್ದರೆ 2 ಹಿಂಜ್, 1600ರವರೆಗೆ 3, ಅದರ ಮೇಲೆ 4. ಮೇಲಿನ, ಕೆಳಗಿನ ಹಿಂಜ್ ಎರಡೂ ಅಂಚಿನಿಂದ 80ರಿಂದ 100 ಮಿ.ಮೀ. ಒಳಗೆ ಇರಲಿ. ಹ್ಯಾಂಡಲ್ ತೂತು ಮಾತ್ರ ಮುಂದಿನಿಂದ ಹಿಂದಕ್ಕೆ ಹಾಕಬೇಕು. 5 ಮಿ.ಮೀ. ಬಿಟ್, ಹಿಂದೆ ಒಂದು ಬೇಡದ ಹಲಗೆ ತುಂಡು ಒತ್ತಿ ಹಿಡಿದಿರಬೇಕು. ಇಲ್ಲವಾದರೆ ಬಿಟ್ ಹೊರಬೀಳುವ ಕಡೆ ಮೈಕಾ ಚಕ್ಕೆ ಏಳುತ್ತದೆ.

ಮಷಿನ್‌ನ ಕತ್ತಿನ ಮೇಲೆ 1ರಿಂದ 20ರ ತನಕ ಅಂಕಿ ಇರುವ ಬಳೆಯೇ ಕ್ಲಚ್; ಇಟ್ಟ ಅಂಕಿಯಷ್ಟು ಬಲ ಬಿದ್ದ ಕೂಡಲೇ ಅದು ಬಿಟ್ಟುಕೊಟ್ಟು ಸ್ಕ್ರೂ ತಿರುಗುವುದನ್ನು ನಿಲ್ಲಿಸುತ್ತದೆ. ಅರ್ಧಕ್ಕರ್ಧ ಜನ ಅದನ್ನು ಡ್ರಿಲ್ ಗುರುತಿನ ಮೇಲೆ ಇಟ್ಟು ಮರೆತಿರುತ್ತಾರೆ. ಆ ಗುರುತಿನಲ್ಲಿ ಕ್ಲಚ್ ಬಿಡುವುದೇ ಇಲ್ಲ. 3.5×16 ರ ಹಿಂಜ್ ಸ್ಕ್ರೂವನ್ನು ಹಾಗೆ ಹೊಡೆದರೆ ತಲೆ ಕೂತ ಮೇಲೂ ಅರ್ಧ ಸುತ್ತು ತಿರುಗಿ ಒಳಗಿನ ಮರದ ಎಳೆ ಹರಿಯುತ್ತದೆ. ಅವತ್ತು ಬಿಗಿಯಾಗೇ ಕಾಣುತ್ತದೆ, ಆರು ತಿಂಗಳಿಗೆ ಶಟರ್ ಜೋತು ಬೀಳುತ್ತದೆ. ಹಿಂಜ್, ಚಾನೆಲ್ ಸ್ಕ್ರೂಗೆ 4ರಿಂದ 6, ಬಾಕ್ಸ್ ಸ್ಕ್ರೂಗೆ 12ರಿಂದ 15ರಲ್ಲಿ ಶುರು ಮಾಡಿ. ಮಷಿನ್‌ನಿಂದ ಮಷಿನ್‌ಗೆ ಈ ಅಂಕಿ ಬೇರೆಯಾಗುತ್ತದೆ, ಹೀಗಾಗಿ ಅದೇ ಪ್ಲೈನ ತುಂಡಿನ ಮೇಲೆ ಮೊದಲು ನೋಡಿಕೊಳ್ಳಿ. ಹರಿದ ತೂತಿಗೆ ಬಿದಿರು ಕಡ್ಡಿಗೆ ಫೆವಿಕಾಲ್ ಹಚ್ಚಿ ತುಂಬಿ, ಒಣಗಿದ ಮೇಲೆ ಹೊಸ ಪೈಲಟ್ ಹಾಕಿ, ಅವಸರವಿದ್ದರೆ 3.5ರ ಬದಲು 4 ಮಿ.ಮೀ. ಸ್ಕ್ರೂ. ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ) ಹಲಗೆಯಲ್ಲಿ ಕ್ಲಚ್ ಇನ್ನೂ ಎರಡು ಅಂಕಿ ಕೆಳಗಿಳಿಸಿ, ವೇಗವನ್ನೂ ಕಡಿಮೆ ಮಾಡಿ. ಜೋರಾಗಿ ತಿರುಗಿದರೆ ಬಿಸಿಗೆ ಆ ವಸ್ತು ಮೆತ್ತಗಾಗಿ ಬಿಟ್‌ಗೆ ಅಂಟುತ್ತದೆ, ತೂತು ಅಗಲವಾಗುತ್ತದೆ.

ಬಾಕ್ಸ್ ಸ್ಕ್ರೂ ಅಂಚಿಗೆ ಇಳಿಯುವ ಕಡೆ 3 ಮಿ.ಮೀ. ಪೈಲಟ್ ಇಲ್ಲದಿದ್ದರೆ ಪ್ಲೈ ಪದರ ಬಿಚ್ಚುತ್ತದೆ. ಕಪ್ಪು ಜಿಪ್ಸಂ ಸ್ಕ್ರೂ ಅಗ್ಗ, ಆದರೆ ಗಾಜಿನ ಹಾಗೆ ತುಂಡಾಗುತ್ತದೆ, ಸಿಂಕ್ ಕೆಳಗೆ ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ. ಡ್ರಾ ಚಾನೆಲ್‌ಗೆ ಹೇಳಬೇಕಾದ್ದು ಒಂದೇ: ಟೆಲಿಸ್ಕೋಪಿಕ್ ಚಾನೆಲ್ ಒಂದೊಂದು ಬದಿಗೆ ಅರ್ಧ ಇಂಚು ತಿನ್ನುತ್ತದೆ, ಡ್ರಾ ಅಗಲ ಒಳ ಅಳತೆಗಿಂತ 26 ಮಿ.ಮೀ. ಕಡಿಮೆ ಇರಲಿ.

ಇನ್ನು ಗೋಡೆ. ಸಣ್ಣ ಡ್ರಿಲ್‌ನಲ್ಲಿ ಸುತ್ತಿಗೆ ಗುರುತು ಇದ್ದರೂ ಒಳಗಿರುವುದು ಒಂದಕ್ಕೊಂದು ಉಜ್ಜುವ ಎರಡು ಹಲ್ಲಿನ ಬಿಲ್ಲೆ ಮಾತ್ರ, ಪೆಟ್ಟಿನ ಬಲ ನಿಮ್ಮ ಕೈ ಒತ್ತಿದಷ್ಟೇ. ಹ್ಯಾಮರ್ ಮಷಿನ್‌ನಲ್ಲಿ ಗಾಳಿಯ ಒತ್ತಡದಿಂದ ಒಂದು ಪಿಸ್ಟನ್ ಬಿಟ್‌ಗೆ ಬಡಿಯುತ್ತದೆ. ನಮ್ಮ ಕಡೆ ಹಳೆಯ ಮನೆಗಳಲ್ಲಿ ಸೈಜುಗಲ್ಲಿನ ಗೋಡೆ ಇದೆ, ಅದು ಗ್ರಾನೈಟೇ. ಅದರ ಮೇಲೆ ಸಣ್ಣ ಡ್ರಿಲ್ ಹಿಡಿದರೆ ಕಾಲು ಗಂಟೆಗೆ ಬಿಟ್‌ನ ತುದಿ ಕೆಂಪಗಾಗುತ್ತದೆ, ತೂತು ಮಾತ್ರ ಆಗುವುದಿಲ್ಲ. ಸಿಮೆಂಟ್ ಬ್ಲಾಕ್, ಕಾಂಕ್ರೀಟ್ ತೊಲೆಯೂ ಅಷ್ಟೇ. ಹಾರುಬೂದಿ ಇಟ್ಟಿಗೆ ಶಕ್ತಿನಗರ, ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರಗಳಿಂದಾಗಿ ಈ ಭಾಗಕ್ಕೆ ಹೊಸದಲ್ಲ; ಅದಕ್ಕೆ ಹ್ಯಾಮರ್ ಮಷಿನ್ ಹಿಡಿದರೂ ಅಂಚಿನ ಹತ್ತಿರ ಪೆಟ್ಟು ನಿಲ್ಲಿಸಿ ಬರೀ ತಿರುಗಿಸಿ, ಇಲ್ಲವಾದರೆ ತುಂಡು ಕಿತ್ತು ಬರುತ್ತದೆ. ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಎಎಸಿ ಬ್ಲಾಕ್ ಒಂದಕ್ಕೆ ಮಾತ್ರ ಸಣ್ಣ ಡ್ರಿಲ್ಲೇ ಸರಿ: ಪೆಟ್ಟು ಬೇಡ, ಬರೀ ತಿರುಗಿಸಿದರೆ ಸಾಕು, ಗಿಟ್ಟಿ (ಸ್ಕ್ರೂ ಹಿಡಿಯಲು ಗೋಡೆ ತೂತಿಗೆ ತುರುಕುವ ಪ್ಲಗ್) ಮಾತ್ರ ಆ ಬ್ಲಾಕ್‌ಗೆಂದೇ ಬರುವುದು ಬೇಕು.

ಕಟ್ಟೆಯ ಕೆಳಗೆ ಕಡಪ ಕಲ್ಲಿನ ಅಡ್ಡಗೋಡೆ ಇರುವ ಅಡುಗೆಮನೆ ಇಲ್ಲಿ ಬಹಳ. ಕಡಪ ಪದರ ಪದರವಾಗಿ ಏಳುವ ಕಲ್ಲು, ಪೆಟ್ಟು ಬಿದ್ದರೆ ಹಿಂದಿನ ಮುಖ ಹಪ್ಪಳದಂತೆ ಉದುರುತ್ತದೆ. ಪೆಟ್ಟಿಲ್ಲದೆ, ಎರಡೂ ಕಡೆಯಿಂದ ಅರ್ಧರ್ಧ ಕೊರೆದು, 6 ಮಿ.ಮೀ. ಬೋಲ್ಟ್ ಆರಪಾರ ಹಾಕಿ ಎರಡು ಬದಿಯ ಪ್ಲೈ ಪಟ್ಟಿಗಳನ್ನು ಒಟ್ಟಿಗೆ ಬಿಗಿಯಿರಿ. ಗಿಟ್ಟಿ ಹೊಡೆಯುವುದಕ್ಕಿಂತ ಇದು ಎಷ್ಟೋ ಗಟ್ಟಿ.

ಮೇಲಿನ ಬಾಕ್ಸ್ ನೇತುಹಾಕುವಾಗ ಒಂದು ಲೆಕ್ಕ ಮಾಡಿ. ಹಿಂದಿನ ಪಟ್ಟಿ 18 ಮಿ.ಮೀ., ಟೈಲ್ಸ್, ಅದರ ಗಾರೆ, ಪ್ಲಾಸ್ಟರ್ ಸೇರಿ 35. ಅಲ್ಲಿಗೆ 53 ಆಯಿತು. 60 ಮಿ.ಮೀ. ಸ್ಕ್ರೂ ಹಾಕಿದರೆ ಇಟ್ಟಿಗೆಯೊಳಗೆ ಇಳಿಯುವುದು 7 ಮಿ.ಮೀ. ಮಾತ್ರ! ಪಾತ್ರೆ ತುಂಬಿದ ಬಾಕ್ಸ್ ಟೈಲ್ಸ್ ಸಮೇತ ಕಿತ್ತು ಬರುವುದು ಇದರಿಂದಲೇ. ಉದ್ದ ಗಿಟ್ಟಿ ಜೊತೆಗೇ ಬರುವ 100 ಮಿ.ಮೀ. ಸ್ಕ್ರೂ ಹಾಕಿ, ತೂತನ್ನು ಹತ್ತು ಮಿ.ಮೀ. ಹೆಚ್ಚು ಆಳ ಮಾಡಿ ಧೂಳು ಊದಿ ತೆಗೆಯಿರಿ. ಟೈಲ್ಸ್ ದಾಟುವವರೆಗೆ ಪೆಟ್ಟು ಬೇಡ, ಟೈಲ್ಸ್ ಬಿಟ್ ಸಾಕು. ವಿಟ್ರಿಫೈಡ್ ಆದರೆ ಡೈಮಂಡ್ ಬಿಟ್ ಬೇಕು, ಆಗಾಗ ಸ್ವಲ್ಪ ನೀರು ಚಿಮುಕಿಸಬೇಕು. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಎಲ್ಲೂ ಕೊರೆಯಬೇಡಿ. ವೈರಿನ ಪೈಪ್ ಸಾಮಾನ್ಯವಾಗಿ ಆ ಗೆರೆಯಲ್ಲೇ ಇರುತ್ತದೆ. ಎಂಸಿಬಿ ಇಳಿಸಿಯೇ ಕೆಲಸ ಶುರುಮಾಡಿ.

ಬೇಸಿಗೆಯಲ್ಲಿ ಬರುವ ಇನ್ನೊಂದು ದೂರು: "ಬ್ಯಾಟರಿ ಚಾರ್ಜೇ ಆಗವಲ್ದು." ಬಹುತೇಕ ಬ್ಯಾಟರಿ ಕೆಟ್ಟಿರುವುದಿಲ್ಲ. ಲಿಥಿಯಂ ಸೆಲ್ 45 ಡಿಗ್ರಿಗಿಂತ ಬಿಸಿಯಿದ್ದರೆ ಒಳ್ಳೆಯ ಚಾರ್ಜರ್ ತಾನೇ ತಡೆಯುತ್ತದೆ, ದೀಪ ಮಿಟುಕಿಸುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಹೊರಗೇ 40 ದಾಟಿರುತ್ತದೆ; ಕಪ್ ತೂತು ಹಾಕಿ ಬಿಸಿಯಾದ ಬ್ಯಾಟರಿ ಆ ಮಿತಿ ದಾಟುವುದಕ್ಕೆ ಹೊತ್ತು ಬೇಕಿಲ್ಲ. ನೆರಳಲ್ಲಿ, ಫ್ಯಾನ್ ಕೆಳಗೆ ಅರ್ಧ ಗಂಟೆ ಇಡಿ. ಫ್ರಿಜ್‌ನಲ್ಲಿ ಇಡುವುದು ಬೇಡ, ಹೊರತೆಗೆದ ಕೂಡಲೇ ಒಳಗೆ ನೀರಿನ ಹನಿ ಕೂರುತ್ತದೆ. ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡುವುದಂತೂ ಬೇಡವೇ ಬೇಡ.

ಕೊಳ್ಳುವುದಾದರೆ ಎರಡು ಬ್ಯಾಟರಿ ಇರುವ ಸೆಟ್ ತಗೊಳ್ಳಿ, ಬಿಟ್ ಹಿಡಿಯುವ ಚಕ್ 10 ಮಿ.ಮೀ. ಇರಲಿ, ಇಲ್ಲವಾದರೆ ಕೆಲವು 35ರ ಬಿಟ್ ಕೂಡುವುದಿಲ್ಲ. ನೂರು ತುಂಡಿನ ಬಿಟ್ ಡಬ್ಬಿ ಬೇಡ, ಅದರಲ್ಲಿ ಮುಕ್ಕಾಲು ಪಾಲು ಮೆತ್ತನೆ ಕಬ್ಬಿಣ. ಅದೇ ದುಡ್ಡಿಗೆ ಪ್ಲಸ್ ತಲೆಯ ಸ್ಕ್ರೂಗಳಿಗೆ ಪಿಎಚ್2, ಪಿಜೆಡ್2 ಬಿಟ್ ಐದೈದು, ಒಂದು ಮ್ಯಾಗ್ನೆಟ್ ಹೋಲ್ಡರ್, ಎರಡು ಮೂರು 3 ಮಿ.ಮೀ. ಬಿಟ್, ಸ್ಕ್ರೂ ತಲೆ ಹಲಗೆಗೆ ಸಮವಾಗಿ ಕೂರಲು ಒಂದು ಕೌಂಟರ್‌ಸಿಂಕ್ ಬರುತ್ತವೆ. ಚಿಮಣಿ ಪೈಪಿನ ಆರು ಇಂಚಿನ ತೂತಿಗೆ ಕೋರ್ ಕಟಿಂಗ್‌ನವರನ್ನೇ ಕರೆಯಿರಿ. ಉಳಿದ ಗೋಡೆ ತೂತುಗಳನ್ನೆಲ್ಲ ಮೊದಲೇ ಗುರುತು ಮಾಡಿಟ್ಟುಕೊಂಡರೆ ಹ್ಯಾಮರ್ ಮಷಿನ್ ಒಂದು ದಿನದ ಬಾಡಿಗೆಗೆ ತಂದರೂ ಸಾಕು.