ಟ್ರಿನಿಡಾಡ್ ದಿನಚರಿ: ನೋಟಿನ ಮೇಲಿನ ಹಕ್ಕಿ, ಪಾತ್ರೆಗೆ ಬಿದ್ದ ಹಕ್ಕಿ

ಮಾರ್ಚ್ 9, 2024, ಶನಿವಾರ, ಕೂವಾ

ಬೆಳಗ್ಗೆ ಸಮುದ್ರ ಇಳಿತ ಇತ್ತು, ಇಳಿತ ಇದ್ದಾಗ ವಾಟರ್‌ಲೂ ಕೆಸರು ಬಯಲು ಬಿಟ್ಟು ಬೇರೆ ಕಡೆ ಹೋಗೋದು ಅಂದ್ರೆ ಅನ್ಯಾಯ, ಹಾಗಾಗಿ ಮನೇಲಿ ತಿಂಡಿನೂ ಮಾಡ್ದೆ ಹೊರಟ್ವಿ. ದಾರೀಲಿ ಡಬಲ್ಸ್ ಕಟ್ಟಿಸ್ಕೊಂಡ್ವಿ. ಎರಡು ಮೆತ್ತನೆ ಬಾರಾ, ಅಂದ್ರೆ ಎಣ್ಣೇಲಿ ಕರಿದ ರೊಟ್ಟಿ, ಅದರ ಮಧ್ಯೆ ಕಾಬೂಲಿ ಕಡಲೆ ಸಾಗು, ಮೇಲೆ ಹುಣಸೆ ಚಟ್ನಿ, ಖಾರ ಎಷ್ಟು ಅಂತ ಅಂಗಡಿಯಮ್ಮ ಕೇಳ್ತಾಳೆ, ನಮ್ಮೆಜಮಾನ್ರು ಪ್ರತಿ ಸಲ ಜಂಬದಿಂದ "ಜಾಸ್ತಿ" ಅಂತಾರೆ ಆಮೇಲೆ ಕಾರಲ್ಲಿ ಕಣ್ಣು ಒರೆಸ್ಕೋತಾ ಇರ್ತಾರೆ.

ವಾಟರ್‌ಲೂನಲ್ಲಿ ಸಮುದ್ರದೊಳಗೆ ಒಂದು ದೇವಸ್ಥಾನ ಇದೆ. ಸ್ಯೂದಾಸ್ ಸಾಧು ಅಂತ ಕಬ್ಬಿನ ತೋಟದ ಕೂಲಿ, 1947ರಲ್ಲಿ ದಡದ ಮೇಲೆ ಗುಡಿ ಕಟ್ಟಿದ್ರಂತೆ, ಜಾಗ ಸಕ್ಕರೆ ಕಂಪನಿದು, 1952ರಲ್ಲಿ ಅದನ್ನ ಕೆಡವಿಸಿ ಇವರನ್ನ ಹದಿನಾಲ್ಕು ದಿನ ಜೈಲಿಗೂ ಹಾಕಿದ್ರು. ಹೊರಗೆ ಬಂದವರು, ನೆಲ ನಿಮ್ಮದಾದ್ರೆ ಸಮುದ್ರ ಯಾರಪ್ಪಂದೂ ಅಲ್ವಲ್ಲ ಅಂತ ಸೈಕಲ್ ಮೇಲೆ ಕಲ್ಲು ಸಿಮೆಂಟು ಹೊತ್ಕೊಂಡೋಗಿ ಕೆಸರಲ್ಲೇ ಕಟ್ಟೋಕೆ ಶುರು ಮಾಡಿದ್ರು, ಸುಮಾರು ಇಪ್ಪತ್ತೈದು ವರ್ಷದ ಕೆಲಸ. ಈಗಿರೋದು 1995ರಲ್ಲಿ ಸರ್ಕಾರ ಮತ್ತೆ ಕಟ್ಟಿಸಿದ್ದು. ನಾನು ದೇವರಿಗೆ ಕೈ ಮುಗಿಯೋದು ಆಮೇಲೆ, ಮೊದಲು ಬೈನಾಕ್ಯುಲರ್ ಎತ್ತೋದು. ಅತ್ತೆಯವರು ಇದನ್ನ ಓದಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದೀನಿ.

ದೇವಸ್ಥಾನಕ್ಕೆ ಹೋಗೋ ಕಾಲುದಾರಿಯ ಎರಡೂ ಕಡೆ ಕೆಸರೇ ಕೆಸರು, ಅದರ ತುಂಬ ಕಡಲಕ್ಕಿಗಳು. ನಗುವ ಥರ ಕೂಗೋ ಲಾಫಿಂಗ್ ಗಲ್‌ಗಳ ದೊಡ್ಡ ಗುಂಪು, ಅದರ ಪಕ್ಕ ಬ್ಲ್ಯಾಕ್ ಸ್ಕಿಮ್ಮರ್‌ಗಳು ಗಾಳಿಗೆ ಮುಖ ಮಾಡ್ಕೊಂಡು ಸಾಲಾಗಿ ಕೂತಿದ್ವು. ಸ್ಕಿಮ್ಮರ್ ಕೊಕ್ಕು ನೋಡಿದ್ರೆ ದೇವರು ಅಳತೆ ತಪ್ಪಿದ ಅನ್ಸುತ್ತೆ, ಕೆಳಗಿನ ದವಡೆ ಮೇಲಿನದಕ್ಕಿಂತ ಉದ್ದ, ಆದ್ರೆ ಹಾರ್ತಾ ಹಾರ್ತಾ ಆ ಕೆಳಗಿನ ಕೊಕ್ಕನ್ನ ನೀರಲ್ಲಿ ಗೀರ್ಕೊಂಡು ಹೋಗುತ್ತಲ್ಲ, ಮೀನು ತಗುಲಿದ ಕೂಡ್ಲೆ ಮೇಲಿನದು ಟಪ್ ಅಂತ ಮುಚ್ಚುತ್ತೆ, ಆವಾಗ ಗೊತ್ತಾಗುತ್ತೆ ಅಳತೆ ಸರಿಯಾಗೇ ಇದೆ ಅಂತ. ವ್ಹಿಂಬ್ರೆಲ್ ಕೂಡ ಇತ್ತು, ಇದನ್ನ ನಾನು ಕಾರವಾರದ ಕಡಲ ತೀರದಲ್ಲೂ ನೋಡಿದೀನಿ.

ಆದ್ರೆ ನನಗೆ ಬೇಜಾರೇ ಆಗದೆ ಇರೋದು ಬ್ರೌನ್ ಪೆಲಿಕನ್ ನೋಡೋಕೆ. ನಾನು ಮದ್ದೂರು ಕಡೆಯವಳು, ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ ನೋಡ್ಕೊಂಡೇ ಬೆಳೆದೋಳು. ನಮ್ಮ ಹೆಜ್ಜಾರ್ಲೆ ಗೌರವಸ್ಥರು, ನೀರಲ್ಲಿ ತೇಲ್ತಾ ಚೀಲದಲ್ಲಿ ಮೀನು ಮೊಗೀತವೆ. ಇಲ್ಲಿಯವು ಮೇಲಿಂದ ರೆಕ್ಕೆ ಮಡಚ್ಕೊಂಡು ತಲೆಕೆಳಗಾಗಿ ನೀರಿಗೆ ಧಡಾರ್ ಅಂತ ಬೀಳ್ತವೆ! ಮೀನು ಸಿಕ್ತು ಅನ್ನೋಷ್ಟರಲ್ಲಿ ಒಂದು ಗಲ್ ಬಂದು ತಲೆ ಮೇಲೇ ಕೂತು ಬಾಯೊಳಗಿಂದ ಕಿತ್ಕೊಳ್ಳೋಕೆ ನೋಡುತ್ತೆ. ಅಷ್ಟು ದೊಡ್ಡ ಹಕ್ಕಿ, ಸುಮ್ನೆ ಇರುತ್ತೆ.

ಸಂಜೆ ನಾಲ್ಕಕ್ಕೆ ಕರೋನಿ ಜೌಗು. ಕರೋನಿ ನದಿ ಪರಿಯಾ ಖಾರಿಗೆ ಸೇರೋ ಕಡೆ ಸಾವಿರಾರು ಎಕರೆ ಕಾಂಡ್ಲಾ ಕಾಡು, ರಾಮ್‌ಸಾರ್ ಅನ್ನೋ ಜಗತ್ತಿನ ಮುಖ್ಯ ಜೌಗುಗಳ ಪಟ್ಟಿಗೆ 2005ರಲ್ಲೇ ಸೇರಿದೆ (ನಮ್ಮ ರಂಗನತಿಟ್ಟು ಸೇರಿದ್ದು 2022ರಲ್ಲಿ). ನಾನನ್ ಮನೆತನದವರು ತಲೆಮಾರುಗಳಿಂದ ಇಲ್ಲಿ ದೋಣಿ ನಡೆಸ್ತಾರೆ, ಈಗ ಬೇರೆಯವರೂ ಇದ್ದಾರೆ. ನಮ್ಮ ದೋಣಿಯವರು ವಯಸ್ಸಾದವರು, ನನ್ನನ್ನ "ಬೇಟಿ" ಅಂತಾರೆ. ಇವರ ಅಜ್ಜನ ಅಪ್ಪ ಕಲ್ಕತ್ತಾದಿಂದ ಹಡಗು ಹತ್ತಿದ್ದು ಅನ್ನೋದಷ್ಟೇ ಇವರಿಗೆ ಗೊತ್ತು, ಊರು ಗೊತ್ತಿಲ್ಲ. "ನೀವು ಕಲ್ಕತ್ತಾ ಹತ್ರಾನಾ?" ಅಂತ ಕೇಳಿದ್ರು, ಇಲ್ಲ ಅಂಕಲ್ ರೈಲಲ್ಲಿ ಎರಡು ಹಗಲು ಆಗುತ್ತೆ ಅಂದೆ, "ಓಹೋ ಮದ್ರಾಸಿ" ಅಂದ್ರು. ಇಷ್ಟು ದೂರ ಬಂದ್ರೂ ಅದು ತಪ್ಪಲಿಲ್ಲ.

ದೋಣಿ ಸಣ್ಣ ಕಾಲುವೆಯಲ್ಲಿ ಹೋಗ್ತಿದ್ರೆ ಎರಡೂ ಕಡೆ ಬೇರುಗಳು ಕಾಲು ಚಾಚ್ಕೊಂಡು ನಿಂತಿರ್ತವೆ. ಅಂಕಲ್ ಮಾತಾಡ್ತಾ ಮಾತಾಡ್ತಾ ಇಂಜಿನ್ ನಿಲ್ಲಿಸಿ ತಲೆ ಮೇಲಿನ ಕೊಂಬೆ ತೋರಿಸಿದ್ರು, ಒಂದು ಬೋವಾ ಹಾವು ಸುತ್ತಿಕೊಂಡು ಮಲಗಿತ್ತು, ಮಗ ಖುಷಿ, ನಾನು ದೋಣಿಯ ಇನ್ನೊಂದು ತುದಿ. ಆಮೇಲೆ ಮುರಿದ ಕೊಂಬೆಯ ತುಂಡಿನ ಥರ ಕೂತಿದ್ದ ಪೊಟೂ, ನಮ್ಮ ನತ್ತಿಂಗದ ದೂರದ ನೆಂಟ, ಹಗಲೆಲ್ಲ ಕಣ್ಣು ಮುಚ್ಕೊಂಡು ಅಲ್ಲಾಡದೆ ಕೂರೋದೇ ಅದರ ಕೆಲಸ.

ಅಗಲವಾದ ಹಿನ್ನೀರಿಗೆ ಬಂದು ದೋಣಿ ಕಟ್ಟಿದ ಮೇಲೆ ಕಾಯೋದು. ಎದುರಿಗೆ ನಡುಗಡ್ಡೆಯ ಥರ ಹಸಿರು ಕಾಂಡ್ಲಾ ಗುಂಪು. ಐದೂವರೆಗೆ ಮೊದಲ ಗುಂಪು ಬಂತು, ಸ್ಕಾರ್ಲೆಟ್ ಐಬಿಸ್. ನಮ್ಮ ಕೆಂಬರಲಿನ ನೆಂಟನೇ, ಅದೇ ಬಾಗಿದ ಕೊಕ್ಕು, ಅದೇ ಕತ್ತು ಚಾಚಿದ ಹಾರಾಟ, ಬಣ್ಣ ಮಾತ್ರ... ಫೋಟೋ ಎಡಿಟ್ ಮಾಡಿದೋರಿಗೆ ಬೈತೀವಲ್ಲ ಆ ಕೆಂಪು, ಇಲ್ಲಿ ಎಡಿಟ್ ಇಲ್ದೇ. ಐದು, ಹತ್ತು, ಇಪ್ಪತ್ತರ ಗುಂಪುಗಳು ಬರ್ತಾನೇ ಇದ್ವು, ಜೊತೆಗೆ ಬೆಳ್ಳಕ್ಕಿ, ನೀಲಿ ಬಕಗಳೂ ಅದೇ ಮರಗಳಿಗೆ, ಆರೂಕಾಲಿನ ಹೊತ್ತಿಗೆ ಆ ಹಸಿರು ಗುಂಪಿಗೆ ಜಾಗವೇ ಉಳಿದಿರ್ಲಿಲ್ಲ.

ಅಮ್ಮಂಗೆ ವಿಡಿಯೋ ಕಳಿಸಿದ್ದೆ. ಅಲ್ಲಿ ಮಧ್ಯರಾತ್ರಿ ಕಳೆದು ಎಷ್ಟೋ ಹೊತ್ತಾಗಿತ್ತು, ಆದ್ರೂ ಎಚ್ಚರ ಇತ್ತು ಪುಣ್ಯಾತ್ಗಿತ್ತಿ, ತಕ್ಷಣ ವಾಯ್ಸ್ ಮೆಸೇಜ್: "ಏನೇ ಇದು, ಟೂರಿಸ್ಟ್‌ಗಳಿಗೆ ಅಂತ ಬಣ್ಣ ಹಚ್ಚಿದಾರಾ?" ಬಣ್ಣ ಊಟದ್ದು ಅಮ್ಮ ಅಂದೆ. ಕೆಸರಲ್ಲಿರೋ ಏಡಿ ಸಿಗಡಿಯಲ್ಲಿ ಕ್ಯಾರೊಟಿನಾಯ್ಡ್ ಅನ್ನೋ ಬಣ್ಣದ ಅಂಶ ಇರುತ್ತೆ, ಅದನ್ನ ತಿಂದು ತಿಂದು ಗರಿ ಕೆಂಪಾಗುತ್ತೆ. ಮರಿಗಳು ಕಂದು-ಬೂದು, ಮೃಗಾಲಯದಲ್ಲಿ ಇಟ್ಟು ಬರೀ ಬೇರೆ ಆಹಾರ ಕೊಟ್ರೆ ದೊಡ್ಡವೂ ಬಣ್ಣ ಕಳ್ಕೊಂಡು ಮಂಕಾಗ್ತವೆ.

ವಾಪಸ್ ಬರೋವಾಗ ಕತ್ತಲು. ಅಂಕಲ್ ಹೇಳಿದ್ರು, ಇದು ರಾಷ್ಟ್ರಪಕ್ಷಿ ಬೇಟಿ, ಆದ್ರೆ ಇದನ್ನ ಕದ್ದು ಹೊಡೆದು ಕರಿ ಮಾಡ್ಕೊಂಡು ತಿನ್ನೋರು ಇದ್ರು, ರುಚಿಗಲ್ಲ, ತಿಂದೆ ಅಂತ ಹೇಳ್ಕೊಳ್ಳೋಕೆ. 2018ರಲ್ಲಿ ಕಾನೂನು ಬಿಗಿ ಮಾಡಿದ್ರು, ಈಗ ಸಿಕ್ಕಿಬಿದ್ರೆ ಒಂದು ಲಕ್ಷ ಟ್ರಿನಿಡಾಡ್ ಡಾಲರ್ ದಂಡ, ಎರಡು ವರ್ಷ ಜೈಲು. ನಮ್ಮ ದುಡ್ಡಲ್ಲಿ ಹನ್ನೆರಡು ಲಕ್ಷ ಆಯ್ತು. "ದಂಡ ನೋಡಿ ಕೆಲವರು ಬಿಟ್ರು, ಇನ್ನು ಕೆಲವರು ನಮ್ಮ ದೋಣಿಗಳು ಓಡಾಡ್ತವೆ ಅಂತ ಬಿಟ್ರು" ಅಂದ್ರು. ಎರಡನೇದು ಹೆಚ್ಚು ನಿಜ ಅನ್ಸುತ್ತೆ ನಂಗೆ.

ಮಾರ್ಚ್ 10, ಭಾನುವಾರ

ಇವತ್ತು ಸೇಂಟ್ ಜೋಸೆಫ್ ಮೇಲಿನ ಮರಾಕಸ್ ಕಣಿವೆಯ ಯೆರೆಟ್‌ಗೆ. ಒಂದು ಮನೆ ಅಂಗಳ ಅಷ್ಟೇ, ಆದ್ರೆ ಅದರ ತುಂಬ ಸಕ್ಕರೆ ನೀರಿನ ಬಾಟಲಿಗಳು ತೂಗ್ತಿರ್ತವೆ, ಸುತ್ತ ಹಮ್ಮಿಂಗ್‌ಬರ್ಡ್‌ಗಳು. ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು, ಬಣ್ಣ ಗಿಣ್ಣ ಹಾಕೋಹಾಗಿಲ್ಲ. ನಮ್ಮ ಸೂರಕ್ಕಿಗಳು ದಾಸವಾಳದ ಮೇಲೆ ಕೂತು ಹೀರ್ತವೆ, ಇವು ಕೂರೋದೇ ಇಲ್ಲ, ಗಾಳೀಲಿ ನಿಂತ್ಕೊಂಡೇ ಕುಡಿದು ಹಿಂದಕ್ಕೆ ಹಾರಿ ಹೋಗ್ತವೆ, ಕಿವಿ ಪಕ್ಕ ಹೋದ್ರೆ ಗುಂಯ್ ಅನ್ನುತ್ತೆ. ರೂಬಿ-ಟೋಪಾಜ್ ಗಂಡು ನೆರಳಲ್ಲಿ ಕಪ್ಪು ಕಪ್ಪು, ಏನಿದು ಅನ್ಕೊಳ್ಳೋಷ್ಟರಲ್ಲಿ ತಲೆ ತಿರುಗಿಸ್ತು, ನೆತ್ತಿ ಕೆಂಪು ಕತ್ತು ಚಿನ್ನ ಹೊತ್ಕೊಂಡ ಹಾಗೆ. ಗರಿಯಲ್ಲಿ ಆ ಬಣ್ಣ ಇಲ್ಲ, ಬೆಳಕು ಬೀಳೋ ಕೋನದ ಆಟ. ಟಫ್ಟೆಡ್ ಕೊಕೆಟ್ ಅಂತ ಇನ್ನೊಂದು, ದುಂಬಿ ಅನ್ಕೊಂಡು ಮಗ ಕೈಯಲ್ಲಿ ಓಡಿಸೋಕೆ ಹೋದ.

ಅಲ್ಲಿ ಟೀ ಕುಡೀತಾ ಇವರು ಪರ್ಸಿಂದ ನೋಟು ತೆಗೆದು ಮಗನಿಗೆ ಪಾಠ ಮಾಡ್ತಿದ್ರು, ಈ ದೇಶದ ನೋಟಲ್ಲೆಲ್ಲ ಹಕ್ಕಿಗಳೇ. ಒಂದು ಡಾಲರ್‌ಗೆ ಸ್ಕಾರ್ಲೆಟ್ ಐಬಿಸ್, ಐದಕ್ಕೆ ಮೊಟ್‌ಮೊಟ್, ಹತ್ತಕ್ಕೆ ಇದೇ ದೇಶದ ಇನ್ನೊಂದು ದ್ವೀಪ ಟೊಬಾಗೊದ ಕೊಕ್ರಿಕೊ, ಇಪ್ಪತ್ತಕ್ಕೆ ಹಮ್ಮಿಂಗ್‌ಬರ್ಡ್. ಕೊಕ್ರಿಕೊ ಪಾಪ, ಅದೂ ರಾಷ್ಟ್ರಪಕ್ಷಿನೇ, ಆದ್ರೆ ಟೊಬಾಗೊ ರೈತರು ತರಕಾರಿ ತಿಂದು ಹಾಕುತ್ತೆ ಅಂತ ದಿನಾ ಶಾಪ ಹಾಕ್ತಾರೆ.

ನೂರು ಡಾಲರ್ ನೋಟಿನ ಹಕ್ಕಿಯ ಕಥೆನೇ ಕಥೆ. ಅದು ಬರ್ಡ್ ಆಫ್ ಪ್ಯಾರಡೈಸ್, ನ್ಯೂಗಿನಿ ಕಡೆಯದು, ಈ ದೇಶಕ್ಕೂ ಅದಕ್ಕೂ ಸಂಬಂಧವೇ ಇಲ್ಲ! ಆಗ ಯೂರೋಪಿನ ಹೆಂಗಸರ ಟೋಪಿಗೆ ಅದರ ಗರಿ ಬೇಕು ಅಂತ ಒಂದೇ ಸಮ ಕೊಲ್ತಿದ್ರು, ವಿಲಿಯಂ ಇಂಗ್ರಾಮ್ ಅನ್ನೋ ಇಂಗ್ಲಿಷ್ ಶ್ರೀಮಂತ ಜಾತಿ ಉಳೀಲಿ ಅಂತ 1909ರಲ್ಲಿ ಅವನ್ನ ಹಡಗಲ್ಲಿ ತರಿಸಿ ಟೊಬಾಗೊ ಪಕ್ಕದ ಲಿಟಲ್ ಟೊಬಾಗೊ ದ್ವೀಪದಲ್ಲಿ ಬಿಟ್ಟ. ದಶಕಗಟ್ಟಲೆ ಬದುಕಿದ್ವು ಕೂಡ. 1963ರಲ್ಲಿ ಫ್ಲೋರಾ ಚಂಡಮಾರುತ ಬಂದು ದ್ವೀಪದ ಕಾಡನ್ನೇ ಕಿತ್ತು ಹಾಕ್ತು, ಉಳಿದವು ಒಂದೊಂದಾಗಿ ಹೋದ್ವು. ಈಗ ಅಲ್ಲಿ ಒಂದೂ ಇಲ್ಲ, ನೋಟಿನ ಮೇಲೆ ಮಾತ್ರ ಕುಣೀತಿದೆ. ಅದರ ಊರಲ್ಲಿ ಅದು ಚೆನ್ನಾಗೇ ಇದೆ ಅನ್ನೋದು ಬೇರೆ ವಿಷಯ.

ಹಾಗಾದ್ರೆ ಈ ದ್ವೀಪದ್ದೇ ಅನ್ನೋ ಹಕ್ಕಿ ಯಾವುದಮ್ಮಾ ಅಂದ ಮಗ. ಒಳ್ಳೆ ಪ್ರಶ್ನೆ. ಟ್ರಿನಿಡಾಡ್ ನಮ್ಮ ಮಂಡ್ಯ ಜಿಲ್ಲೆಗಿಂತ ಚೂರು ಚಿಕ್ಕದು, ಆದ್ರೂ ಟೊಬಾಗೊ ಸೇರಿಸಿ ನಾನೂರಕ್ಕೂ ಜಾಸ್ತಿ ಜಾತಿ ಹಕ್ಕಿ. ಕಾರಣ ವೆನೆಜುವೆಲಾ. ಅತಿ ಹತ್ತಿರದ ಕಡೆ ಬರೀ ಹನ್ನೊಂದು ಕಿಲೋಮೀಟರ್, ಹಿಮಯುಗದಲ್ಲಿ ಸಮುದ್ರ ಕೆಳಗಿದ್ದಾಗ ಇದು ಆ ಖಂಡಕ್ಕೇ ಅಂಟ್ಕೊಂಡಿತ್ತು, ಹಕ್ಕಿಗಳೆಲ್ಲ ಅಲ್ಲಿಯವೇ. ಜಮೈಕಾ ಇದಕ್ಕೆ ಉಲ್ಟಾ. ಅಲ್ಲಿ ಒಟ್ಟು ಜಾತಿ ಕಮ್ಮಿ, ಆದ್ರೆ ಖಂಡದಿಂದ ದೂರ ಒಂಟಿಯಾಗಿ ಇದ್ದಿದ್ರಿಂದ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿಗಳೇ ಮೂವತ್ತರ ಹತ್ತಿರ ಇವೆ, ಬಾಲದಲ್ಲಿ ಎರಡು ರಿಬ್ಬನ್ ಇಳಿಬಿಟ್ಟ ಡಾಕ್ಟರ್ ಬರ್ಡ್ ಸೇರಿ. ಕ್ಯೂಬಾದ ಬೀ ಹಮ್ಮಿಂಗ್‌ಬರ್ಡ್ ಅಂತೂ ಎರಡು ಗ್ರಾಂ ತೂಕ, ಪ್ರಪಂಚದಲ್ಲೇ ಚಿಕ್ಕದು. ಜೇಮ್ಸ್ ಬಾಂಡ್ ಅಂತ ಅಮೆರಿಕದ ಪಕ್ಷಿತಜ್ಞ ಇದ್ರಲ್ಲ, 1936ರಲ್ಲಿ ವೆಸ್ಟ್ ಇಂಡೀಸ್ ಹಕ್ಕಿಗಳ ಕೈಪಿಡಿ ಬರೆದವರು (ಹೌದು, ಆ ಗೂಢಚಾರನಿಗೆ ಹೆಸರು ಹೋಗಿದ್ದು ಇವರಿಂದಲೇ), ಅವರು ಟ್ರಿನಿಡಾಡ್ ಹಕ್ಕಿಗಳನ್ನ ಲೆಕ್ಕಕ್ಕೇ ತಗೊಂಡಿಲ್ಲ, ಅವು ದಕ್ಷಿಣ ಅಮೆರಿಕದವು ಅಂತ. ಕ್ರಿಕೆಟ್‌ಗೆ ಮಾತ್ರ ವೆಸ್ಟ್ ಇಂಡೀಸ್! ಅದಕ್ಕೆ ಇವರು ತಕ್ಷಣ 1976, ಕ್ವೀನ್ಸ್ ಪಾರ್ಕ್ ಓವಲ್, ನಮ್ಮ ವಿಶಿ 112 ಅಂತ ಶುರು ಮಾಡಿದ್ರು, ಅದು ಮನೆ ಸೇರೋವರೆಗೂ ಮುಗೀಲಿಲ್ಲ.

ಮಗನ ಪ್ರಶ್ನೆಗೆ ಉತ್ತರ ಪಾವಿ. ಅದು ಬೇರೆಲ್ಲೂ ಇಲ್ಲ. ಮುಂದಿನ ಶನಿವಾರ ಅದಕ್ಕೇ.

ಮಾರ್ಚ್ 16, ಶನಿವಾರ, ಗ್ರಾಂಡ್ ರಿವಿಯೆರ್

ನಿನ್ನೆ ರಾತ್ರಿನೇ ಬಂದು ಉಳ್ಕೊಂಡ್ವಿ. ಟೋಕೋ ದಾಟಿದ ಮೇಲೆ ರಸ್ತೆ ಆಗುಂಬೆ ಥರ ತಿರುವೋ ತಿರುವು, ಮಗ ಎರಡು ಸಲ ವಾಂತಿ. ಈ ಊರ ಕಡಲ ತೀರಕ್ಕೆ ಲೆದರ್‌ಬ್ಯಾಕ್ ಆಮೆಗಳು ಮೊಟ್ಟೆ ಇಡೋಕೆ ಬರ್ತವೆ, ಸೀಸನ್ ಈಗಷ್ಟೇ ಶುರು, ಅದನ್ನ ಬೇರೆ ದಿನ ಬರೀತೀನಿ.

ಬೆಳಗ್ಗೆ ಇನ್ನೂ ಕತ್ತಲು ಇರೋವಾಗ್ಲೇ ಗೈಡ್ ಬಂದ್ರು, ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು, ಮಾತು ಕಮ್ಮಿ. ಊರ ಮೇಲಿನ ಹಳೇ ಕೋಕೋ ತೋಟದ ಪಕ್ಕ, ಜಾಯಿಕಾಯಿ ಮರಗಳು ಕಾಣೋ ಕಡೆ ನಿಲ್ಲಿಸಿದ್ರು. ಪಾವಿ, ಅಂದ್ರೆ ಟ್ರಿನಿಡಾಡ್ ಪೈಪಿಂಗ್ ಗ್ವಾನ್, ಟರ್ಕಿ ಕೋಳಿ ಥರ ಕಾಣೋ ದೊಡ್ಡ ಹಕ್ಕಿ, ಈ ಉತ್ತರದ ಬೆಟ್ಟಸಾಲಲ್ಲಿ ಒಟ್ಟು ಇರೋದೇ ಕೆಲವು ನೂರರ ಒಳಗೆ ಅಂತ ಲೆಕ್ಕ. ಅಳಿವಿನ ಅಂಚಿನ ಪಟ್ಟಿಯಲ್ಲಿ ತುದಿಗೇ ಇದೆ.

ಮೊದಲು ಸದ್ದು. ಕಾಡಿನ ಮೇಲಿಂದ ರೆಕ್ಕೆ ಪಟಪಟಪಟ ಅಂತ ಹೊಡೆದು ಜಾರಿ ಹೋದ ಸದ್ದು, ಆಮೇಲೆ ಸಣ್ಣಗೆ ಸಿಳ್ಳೆ, ಅಷ್ಟು ದೊಡ್ಡ ಹಕ್ಕಿಗೆ ಅಷ್ಟು ಪುಟ್ಟ ದನಿ. ಬೆಳಕು ಹರಿದಾಗ ಜಾಯಿಕಾಯಿ ಮರದಲ್ಲಿ ಎರಡು. ಕಪ್ಪು ಮೈ, ರೆಕ್ಕೇಲಿ ಬಿಳಿ ಪಟ್ಟೆ, ಬಿಳಿ ಅಂಚಿನ ಕೆದರಿದ ಕಪ್ಪು ಜುಟ್ಟು, ಕೆಂಪು ಕಾಲು, ಮುಖದಿಂದ ಗಂಟಲವರೆಗೆ ಬೋಳು ನೀಲಿ. ಕೊಂಬೆ ಮೇಲೆ ಹುಷಾರಾಗಿ ನಡ್ಕೊಂಡು ಹೋಗಿ ಬಾಯಿ ಬಿಟ್ಟ ಕಾಯಿಗಳನ್ನ ಕಿತ್ತು ನುಂಗ್ತಿದ್ವು, ನಾವು ಕೆಳಗೆ ನಿಂತಿದ್ದಕ್ಕೆ ಹೆದರಿಕೆನೇ ಇಲ್ಲ. ಇವುಗಳ ಸಮಸ್ಯೆನೇ ಅದು, ಬಂದೂಕಿಗೂ ಹೀಗೇ ಕೂತಿರ್ತಿದ್ವು.

ಗೈಡ್ ತಾವಾಗೇ ಹೇಳಿದ್ರು. ಅವರಪ್ಪ ಬೇಟೆಗಾರ, ಚಿಕ್ಕವರಿದ್ದಾಗ ಮನೇಲಿ ಪಾವಿ ತಿಂದಿದಾರಂತೆ. ಹೇಗಿತ್ತು ಅಂತ ನಮ್ಮೆಜಮಾನ್ರು ಕೇಳೇಬಿಟ್ರು, ನಾನು ಮೊಣಕೈಲಿ ತಿವಿದೆ. ಅವರು ಸ್ವಲ್ಪ ಯೋಚಿಸಿ "ಗಟ್ಟಿ ಮಾಂಸ, ತುಂಬ ಹೊತ್ತು ಬೇಯಿಸ್ಬೇಕು" ಅಂದ್ರು, ಮತ್ತೆ ಟೆಲಿಸ್ಕೋಪ್ ಸರಿ ಮಾಡಿ ಮಗನಿಗೆ ಎತ್ತರ ಆಗುತ್ತೆ ಅಂತ ತಗ್ಗಿಸಿ ಕೊಟ್ರು. ಅಪ್ಪ ಆಮೆನೂ ಹೊಡೀತಿದ್ರಂತೆ, ಈಗ ಇವರು ರಾತ್ರಿ ಆಮೆಗೆ ಕಾವಲು, ಬೆಳಗ್ಗೆ ಪಾವಿಗೆ ಗೈಡು. ಆಮೆ ಬಂದ್ರೆ ಟೂರಿಸ್ಟು, ಟೂರಿಸ್ಟು ಬಂದ್ರೆ ದುಡ್ಡು, ಇದರಲ್ಲಿ ಮುಚ್ಚುಮರೆ ಏನಿಲ್ಲ ಅವರಿಗೆ. ನಂಗೂ ಇದು ಹಿಡಿಸ್ತು. ಹಕ್ಕಿ ಮೇಲೆ ಪ್ರೀತಿ ಇರೋರು ಮಾತ್ರ ಹಕ್ಕಿ ಉಳಿಸ್ಬೇಕು ಅಂದ್ರೆ ಅಷ್ಟು ಜನ ಎಲ್ಲಿದಾರೆ? ಕೊಕ್ಕರೆ ಬೆಳ್ಳೂರಲ್ಲಿ ದುಡ್ಡಿಲ್ದೇನೂ ಮರ ಬಿಟ್ಟುಕೊಟ್ಟೋರು ಇದ್ರು ನಿಜ, ಹೆಜ್ಜಾರ್ಲೆ ಬಂದ್ರೆ ಊರಿಗೆ ಒಳ್ಳೇದು ಅಂತ ನಂಬ್ಕೆ, ಹಿಕ್ಕೆ ಹೊಲಕ್ಕೆ ಗೊಬ್ಬರ. ಅಲ್ಲೂ ಸುಮ್ಸುಮ್ನೆ ಅಲ್ಲ ಅಂತಾಯ್ತು.

ಬಿಸಿಲು ಏರಿದ ಮೇಲೆ ಎರಡೂ ಕಾಡೊಳಗೆ ಹೋದ್ವು. ಇಳಿದು ಬರೋವಾಗ ಮಗ ಗೈಡ್‌ನ ಕೇಳ್ದ, ಪಾವಿ ಯಾವ ನೋಟಲ್ಲಿದೆ ಅಂತ. ಯಾವುದರಲ್ಲೂ ಇಲ್ಲ ಅಂದ್ರು. ನ್ಯೂಗಿನಿ ಹಕ್ಕಿಗೆ ನೂರು ಡಾಲರ್ ಕೊಟ್ಟವರು ಮನೆ ಹಕ್ಕೀನ ಮರೆತಿದಾರೆ, ನಂಗಂತೂ ಸಿಟ್ಟೇ ಬಂತು. ಗೈಡ್ ಮಾತ್ರ ನಕ್ಕು, ಪಾವಿ ಹಾಕೋದಾದ್ರೆ ಐನೂರರ ನೋಟೇ ಹೊಸದಾಗಿ ಹೊಡಿಸ್ಬೇಕು, ಆಮೇಲೆ ನನ್ನ ಫೀಸೂ ಅದೇ ನೋಟಲ್ಲಿ ಕೊಡಿ ಅಂದ್ರು.