ಕುಂಬಳೆಯ ಕೆಂಪು

ಮಂಗಳೂರು ಸೆಂಟ್ರಲ್‌ನಿಂದ ಹೊರಟ ಲೋಕಲ್ ರೈಲು ನೇತ್ರಾವತಿ ಸೇತುವೆಗೆ ಬಂದಾಗ ಏಳೂವರೆ ಇರಬಹುದು. ಜನವರಿಯ ಬೆಳಿಗ್ಗೆ. ನದಿಯ ಮೇಲೆ ತೆಳುವಾಗಿ ಮಂಜು ಕೂತಿತ್ತು, ದೋಣಿಗಳೆಲ್ಲ ಬೂದು ಬಣ್ಣ. ಮೊದಲಾಗಿದ್ದರೆ ಬ್ಯಾಗಿನಿಂದ ಸ್ಕೆಚ್ ಪುಸ್ತಕ ಹೊರಗೆ ಬರುತ್ತಿತ್ತು. ಆವತ್ತು ಕೈ ಏಳಲಿಲ್ಲ. ಸುಮ್ನೆ ಕಿಟಕಿಗೆ ತಲೆ ಆನಿಸಿ ಕೂತಿದ್ದೆ.

ಚಿತ್ರ ಬಿಡಿಸುವುದೇ ನನ್ನ ಕಸುಬು. ಅಂಗನವಾಡಿ ಗೋಡೆಗೆ ಆನೆ, ಮಾವಿನಹಣ್ಣು. ಗೃಹಪ್ರವೇಶದ ಉಡುಗೊರೆಗೆ ಮನೆಯ ಚಿತ್ರ. ಹಳೇ ಫೋಟೋ ನೋಡಿ ತೀರಿಹೋದ ಅಜ್ಜಿಯ ಮುಖ. ಶನಿವಾರ, ಭಾನುವಾರ ಮಕ್ಕಳಿಗೆ ಕ್ಲಾಸು. ಬಾಡಿಗೆ, ಅಕ್ಕಿ, ಕರೆಂಟು ಬಿಲ್ಲು ಎಲ್ಲ ಇದರಲ್ಲೇ ನಡೆಯಬೇಕು. ಕಳೆದ ವರ್ಷ ಒಂದು ಹೋಟೆಲಿನವರು ರೂಮುಗಳಿಗೆ ಅಂತ ಹನ್ನೆರಡು ಜಲವರ್ಣ ಚಿತ್ರ ಕೇಳಿದರು. ಮೂರು ತಿಂಗಳು ಕೂತು ಮಾಡಿಕೊಟ್ಟೆ. ಐದು ಚಿತ್ರ ವಾಪಸ್ ಬಂದವು, ಪರದೆಯ ಬಣ್ಣಕ್ಕೆ ಹೊಂದುವುದಿಲ್ಲ ಅಂತ. ಆ ಐದರ ದುಡ್ಡೂ ಬರಲಿಲ್ಲ. ದುಡ್ಡಿನ ಕಷ್ಟ ಹೇಗೋ ಕಳೆಯಿತು. ಆದರೆ ಆಮೇಲೆ ಏನು ಬಿಡಿಸಲು ಕೂತರೂ, ಇದು ಯಾರಿಗೆ ಹೊಂದುತ್ತದೆ, ಯಾರಿಗೆ ಹೊಂದುವುದಿಲ್ಲ ಅನ್ನುವುದೇ ತಲೆಯಲ್ಲಿ. ಕೈ ಮುಂದೆ ಹೋಗುತ್ತಿರಲಿಲ್ಲ.

ಕುಂಬಳೆ ಕಡೆಯ ಗೆಳೆಯನೊಬ್ಬ ಫೋನ್ ಮಾಡಿದ್ದು ಅಂಥ ಒಂದು ದಿನ. "ನಮ್ಮ ಮನೆ ಹಿಂದಿನ ಗುಡ್ಡೆಯಲ್ಲಿ ಕಲ್ಲು ಕಡೀತಾ ಇದ್ದಾರೆ ಮಾರಾಯ. ಆ ಕೆಂಪು ನೀನು ನೋಡ್ಬೇಕು. ಮೂರು ದಿನಕ್ಕಾದ್ರೂ ಬಾ."

ಉಳ್ಳಾಲ, ಮಂಜೇಶ್ವರ, ಉಪ್ಪಳ ದಾಟಿ ರೈಲು ಕುಂಬಳೆಗೆ ಬಂತು. ರಾಷ್ಟ್ರಕವಿ ಗೋವಿಂದ ಪೈಗಳ ಮಂಜೇಶ್ವರ, ಯಕ್ಷಗಾನದ ಪಾರ್ತಿಸುಬ್ಬನ ಕುಂಬಳೆ. 1956ರಲ್ಲಿ ಈ ಸೀಮೆ ಕೇರಳಕ್ಕೆ ಸೇರಿತು, 1984ರಲ್ಲಿ ಕಾಸರಗೋಡು ಜಿಲ್ಲೆಯಾಯಿತು. ಸ್ಟೇಷನ್ ಹೊರಗೆ ಆಟೋದವರು ನನ್ನ ಜೊತೆ ಕನ್ನಡ ಮಾತಾಡಿದರು, ಪಕ್ಕದವರ ಜೊತೆ ತುಳು, ಫೋನಿನಲ್ಲಿ ಮಲಯಾಳ. ಮೂರಕ್ಕೂ ಒಂದೇ ಉಸಿರು.

ಗೆಳೆಯನ ಮನೆಯ ದಾರಿಯಲ್ಲಿ, ಸೀತಾಂಗೋಳಿ ಅನ್ನುವಲ್ಲಿ ಚಹಾಕ್ಕೆ ಇಳಿದೆವು. ಅಲ್ಲೇ ನನ್ನ ಪ್ರವಾಸ ಅರ್ಧ ಗಂಟೆ ನಿಂತುಬಿಟ್ಟಿತು.

ಚಹಾದಂಗಡಿಯ ಪಕ್ಕ ಎರಡು ಸ್ಟೂಲಿನ ಮೇಲೆ ಒಂದು ತಗಡಿನ ಬೋರ್ಡ್ ಅಡ್ಡ ಇಟ್ಟು, ಅರುವತ್ತು ದಾಟಿದ ಒಬ್ಬರು ಬರೆಯುತ್ತಿದ್ದರು. ಯಾರದೋ ಟೈಲರ್ ಅಂಗಡಿಯ ಬೋರ್ಡು. ಮೇಲೆ ಮಲಯಾಳ ಆಗಿತ್ತು, ಇಂಗ್ಲಿಷೂ ಆಗಿತ್ತು, ಕನ್ನಡದ ಸಾಲು ನಡೆಯುತ್ತಿತ್ತು. ಸೀಮೆಸುಣ್ಣ ಸವರಿದ ನೂಲು ಹೊಡೆದು ಎಳೆದ ಗೆರೆ ಇನ್ನೂ ಕಾಣುತ್ತಿತ್ತು. ಎಡಗೈಯಲ್ಲಿ ಒಂದು ಕೋಲು, ಅದರ ತುದಿಗೆ ಬಟ್ಟೆಯ ಉಂಡೆ. ಬಲಗೈಯ ಮಣಿಕಟ್ಟು ಆ ಕೋಲಿನ ಮೇಲೆ. ಇನಾಮೆಲ್ ಪೇಂಟಿನ ಡಬ್ಬಿಯ ಮುಚ್ಚಳದಲ್ಲಿ ಬ್ರಷ್ ಎರಡೂ ಬದಿ ಸವರಿ, ಕೂದಲನ್ನು ಚಪ್ಪಟೆ ಮಾಡಿ, 'ಲ' ಬರೆಯಲು ಶುರು ಮಾಡಿದರು. ಸುತ್ತು ಬರುವ ಕಡೆ ಬ್ರಷ್ಷನ್ನು ಬೆರಳುಗಳ ನಡುವೆ ನಿಧಾನಕ್ಕೆ ತಿರುಗಿಸುತ್ತಾ ಹೋದರು. ಕೈ ಮಾತ್ರ ಇದ್ದಲ್ಲೇ ಇತ್ತು. ಅಂಚು ಎಲ್ಲೂ ಅಲುಗಲಿಲ್ಲ.

ನಾನೂ ಬ್ರಷ್ ಹಿಡಿಯುವವನು ಅಂತ ಗೊತ್ತಾದ ಮೇಲೆ ಮಾತು ಬಂತು. "ಮಲಯಾಳ ಅಕ್ಷರ ಸುತ್ತಿಕೊಂಡೇ ಹೋಗ್ತದೆ, ನಡುವೆ ಬ್ರಷ್ ಎತ್ಲಿಕ್ಕೆ ಮನಸ್ಸೇ ಬರೂದಿಲ್ಲ. ಕನ್ನಡಕ್ಕೆ ತಲೆಕಟ್ಟು ಉಂಟಲ್ಲಾ, ಅಲ್ಲಿ ಒಮ್ಮೆ ಕೈ ನಿಲ್ಲಬೇಕು. ನಿಂತು ಹೊರಟ್ರೆ ಚಂದ." ಫ್ಲೆಕ್ಸ್ ಬಂದ ಮೇಲೆ ಕೆಲಸ ತುಂಬಾ ಕಮ್ಮಿಯಾಗಿದೆಯಂತೆ. ತಿಂಗಳಿಗೆ ನಾಲ್ಕೈದು ಬೋರ್ಡು ಬಂದರೆ ಜಾಸ್ತಿ. ಉಳಿದ ದಿನ ಗೇಟಿಗೆ, ಕಿಟಕಿ ಸರಳಿಗೆ ಬಣ್ಣ ಹೊಡೆಯಲು ಹೋಗುತ್ತಾರೆ. ಹೇಳುತ್ತಾ ಹೇಳುತ್ತಾ ಅವರು ಒಂದು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ಬೋರ್ಡ್ ನೋಡಿದರು. ಆಮೇಲೆ ಚಹಾದಂಗಡಿಯವನನ್ನು ಕೂಗಿ ಕರೆದರು: "ಬಾ ಇಲ್ಲಿ, ಈ ಲ ನೋಡು. ಇವತ್ತು ಬಂತು."

ಅಂಗಡಿಯವನು ಕೈ ಒರೆಸಿಕೊಂಡು ಬಂದು ನೋಡಿದ. "ಬಂತು" ಅಂದ. ಹೋಗಿ ಚಹಾ ಸೋಸಿದ. ಇದು ಇಬ್ಬರಿಗೂ ರೂಢಿಯ ಮಾತು ಅಂತ ಕಾಣುತ್ತದೆ. ನಲವತ್ತು ವರ್ಷದಿಂದ ಬರೆಯುತ್ತಿರುವ ಅಕ್ಷರ ಒಂದು ಇವತ್ತು ಸರಿಯಾಗಿ ಬಂತು ಅಂತ ಒಬ್ಬ ಮನುಷ್ಯ ಇಷ್ಟು ಖುಷಿಪಡುತ್ತಿದ್ದ. ಆ ಬೋರ್ಡಿಗೆ ಸಿಗುವ ದುಡ್ಡು ಎಷ್ಟು ಅಂತ ನಾನು ಕೇಳಲಿಲ್ಲ. ಕೇಳಬೇಕು ಅಂತ ಅನಿಸಲೇ ಇಲ್ಲ, ಅದು ನನಗೇ ಆಶ್ಚರ್ಯ.

ಗೆಳೆಯನ ಮನೆ ಅಡಿಕೆ ತೋಟದ ಅಂಚಿನಲ್ಲಿ. ಅಂಗಳದ ತುಂಬ ಅಡಿಕೆ ಹರಡಿತ್ತು. ಅವನ ಅಪ್ಪ ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿ ನಿವೃತ್ತರಾದವರು. ಅಮ್ಮ ನೀರುದೋಸೆ ಬಡಿಸುತ್ತಾ, "ಚಿತ್ರ ಆಮೇಲೆ ಬಿಡಿಸುವಾ ಮಗಾ, ಮೊದಲು ಹೊಟ್ಟೆಗೆ ಹಾಕು" ಅಂದರು.

ಹಿಂದಿನ ಗುಡ್ಡೆ ಹತ್ತಿದರೆ ಕಲ್ಲುಕೋರೆ. ಅಬ್ಬಾ, ಆ ಕೆಂಪು! ಗುಡ್ಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದರು. ಗಾಳಿ ಬಿಸಿಲು ಕಂಡ ಹಳೇ ಗೋಡೆ ಕಪ್ಪು ಮಿಶ್ರಿತ ಕಂದು. ನಿನ್ನೆ ಕಡಿದದ್ದು ಇಟ್ಟಿಗೆ ಬಣ್ಣ. ಈಗಷ್ಟೇ ಮೆಷಿನ್ ಬ್ಲೇಡು ಸೀಳಿದ ಮುಖವೋ, ಹೇಳುವುದು ಕಷ್ಟ. ಹತ್ತಿರ ಹೋಗಿ ನೋಡಿದೆ. ಒಂದೇ ಅಂಗೈ ಅಗಲದಲ್ಲಿ ಅರಿಶಿನ ಹಳದಿ ಇತ್ತು, ಗುಲಾಬಿ ಇತ್ತು, ನೇರಳೆಗೆ ಹತ್ತಿರದ ಕೆಂಪಿತ್ತು, ತೂತುಗಳ ಒಳಗೆ ಬಿಳಿ ಜೇಡಿ ಇತ್ತು. ಉಗುರಿನಿಂದ ಕೆರೆದರೆ ಹಿಟ್ಟು ಬರುವಷ್ಟು ಮೆತ್ತಗೆ. ಈ ಮುರಕಲ್ಲು ಹಾಗೆಯೇ. ನೆಲದೊಳಗೆ ಇರುವಾಗ ಮೆದು, ಹೊರಗೆ ತೆಗೆದು ಗಾಳಿಗೆ ಇಟ್ಟರೆ ಗಟ್ಟಿ. ಲಕ್ಷಾಂತರ ವರ್ಷದ ಮಳೆ ಉಳಿದದ್ದನ್ನೆಲ್ಲ ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶವನ್ನು ಹಿಂದೆ ಬಿಟ್ಟಿದೆ. ಆ ಕಬ್ಬಿಣದ ತುಕ್ಕೇ ಈ ಬಣ್ಣ. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರ ತನ್ನ ಪುಸ್ತಕದಲ್ಲಿ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಅನ್ನುವ ಪದದಿಂದ. ಅವನು ನೋಡಿದ್ದೂ ಇದೇ ಕರಾವಳಿಯ ಕಲ್ಲನ್ನು, ಇನ್ನೂ ತೆಂಕಿಗೆ, ಮಲಬಾರಿನ ಅಂಗಾಡಿಪುರದಲ್ಲಿ.

ನೆರಳಿದ್ದ ಕಡೆ ಕೂತು ಬೋರ್ಡ್ ತೆಗೆದೆ. ಬರ್ನ್ಟ್ ಸಿಯೆನಾಗೆ ಚೂರು ಕ್ರಿಮ್ಸನ್ ಬೆರೆಸಿದೆ. ಅದು ಹೂವಿನ ಕೆಂಪಾಯಿತು. ಹಳದಿ ಓಕರ್ ಸೇರಿಸಿದೆ, ಕಿತ್ತಳೆಯಾಯಿತು. ಅಲ್ಟ್ರಾಮರೀನ್ ಹಾಕಿ ತಗ್ಗಿಸಿದರೆ ಮಣ್ಣು ಸತ್ತುಹೋಯಿತು. ಎರಡು ಹಾಳೆ ಹಾಳಾದವು. ಆದರೂ ಒಂದು ವಿಷಯ ಆಮೇಲೆ ಗೊತ್ತಾಯಿತು. ಎರಡು ಗಂಟೆ ಕಳೆದಿತ್ತು, ಆ ಹೋಟೆಲು, ಆ ಪರದೆ ಒಮ್ಮೆಯೂ ನೆನಪಿಗೆ ಬಂದಿರಲಿಲ್ಲ.

ಕಲ್ಲು ಎತ್ತುತ್ತಿದ್ದ ಹುಡುಗನೊಬ್ಬ ಹಿಂದೆ ನಿಂತು ನೋಡುತ್ತಿದ್ದ. ಬ್ಲೇಡಿನ ಕೆಳಗೆ ಗುಡ್ಡೆಯಾಗಿ ಬಿದ್ದಿದ್ದ ಹುಡಿಯನ್ನು ಕೈಯಲ್ಲಿ ಎತ್ತಿ ತೋರಿಸಿ, "ಇದನ್ನೇ ಹಚ್ಚಿ ಅಲ್ವಾ" ಅಂದ.

ಅಲ್ವಾ ಮತ್ತೆ! ಕಾಗದದ ಪೊಟ್ಟಣದಲ್ಲಿ ಎರಡು ಮುಷ್ಟಿ ಹುಡಿ ತಂದೆ. ಬಳಕೆ ತಪ್ಪಿದ ಒಂದು ಅರೆಯುವ ಕಲ್ಲು ಹಿತ್ತಿಲಲ್ಲಿ ಬಿದ್ದಿತ್ತು, ಅಮ್ಮ ತೊಳೆದುಕೊಟ್ಟರು. ಒಂದು ಗಂಟೆ ನೀರು ಚಿಮುಕಿಸಿ ಅರೆದೆ. ಅರೆದದ್ದನ್ನು ಪಾತ್ರೆಯ ನೀರಿಗೆ ಹಾಕಿ ಕದಡಿ, ಇಪ್ಪತ್ತು ಎಣಿಸಿ, ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿದೆ. ದಪ್ಪ ಮರಳು ಕೆಳಗೆ ಉಳಿಯುತ್ತದೆ, ನಯವಾದ ಹುಡಿ ನೀರಿನ ಜೊತೆ ಹೋಗುತ್ತದೆ. ಹೀಗೆ ನಾಲ್ಕು ಸಲ. ಕೊನೆಯ ನೀರನ್ನು ಹಳೇ ಪಂಚೆಯ ತುಂಡಿನಲ್ಲಿ ಸೋಸಿ, ರಾತ್ರಿ ಹಾಗೇ ಬಿಟ್ಟೆ. ಬೆಳಿಗ್ಗೆ ಮೇಲೆ ತಿಳಿನೀರು, ತಳದಲ್ಲಿ ಬೆಣ್ಣೆಯಂತೆ ಕೂತ ಕೆಂಪು. ಬಟ್ಟಲಿಗೆ ಹರಡಿ, ಅಡಿಕೆಯ ಪಕ್ಕದಲ್ಲೇ ಬಿಸಿಲಿಗೆ ಇಟ್ಟೆ.

ಅದು ಒಣಗುವ ಹೊತ್ತಿಗೆ ಮಾಷ್ಟ್ರು ಸುರಂಗ ತೋರಿಸಲು ಕರೆದುಕೊಂಡು ಹೋದರು. ಕಾಸರಗೋಡಿನ ಗುಡ್ಡೆಗಳಲ್ಲಿ ನೀರಿಗಾಗಿ ಬಾವಿಯನ್ನು ಅಡ್ಡಕ್ಕೆ ತೋಡುತ್ತಾರೆ. ಒಬ್ಬ ಮನುಷ್ಯ ಹೋಗುವಷ್ಟೇ ಅಗಲ. ಒಳಗೆ ಒರತೆ ಸಿಕ್ಕಿದರೆ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ, ಪಂಪು ಬೇಡ. ಟಾರ್ಚ್ ಹಿಡಿದು ಹತ್ತು ಹೆಜ್ಜೆ ಹೋದೆ. ಕಾಲಿಗೆ ತಣ್ಣನೆ ನೀರು. ಗೋಡೆಯ ಮೇಲೆ ಪಿಕ್ಕಾಸಿನ ಏಟುಗಳು, ಒಂದರ ಪಕ್ಕ ಒಂದು, ಮೀನಿನ ಹುರುಪೆಯ ಹಾಗೆ. ಒದ್ದೆಯಾದ ಮುರಕಲ್ಲಿನ ಬಣ್ಣ ಅಲ್ಲಿ ಬೇರೆಯೇ, ಪುನರ್ಪುಳಿ ಸಾರಿನ ಹಾಗೆ ಆಳ. ಎಂದೋ ಯಾರೋ ಮಣ್ಣೆಣ್ಣೆ ದೀಪದ ಬೆಳಕಲ್ಲಿ ದಿನಕ್ಕೆ ಇಷ್ಟಿಷ್ಟೇ ಕಡಿದದ್ದು. ಅಲ್ಲಿ ಮಾತಾಡಲು ಆಗಲಿಲ್ಲ.

ಆ ರಾತ್ರಿ ಹತ್ತಿರದ ಗದ್ದೆಯಲ್ಲಿ ಯಕ್ಷಗಾನದ ಆಟ. ಗೆಳೆಯ ವೇಷ ಕಟ್ಟುವ ಚೌಕಿಗೇ ಕರೆದುಕೊಂಡು ಹೋದ. ಗಣಪತಿಯ ಮುಂದೆ ದೀಪ, ಎರಡು ಸಾಲು ಚಾಪೆ, ಪ್ರತಿಯೊಬ್ಬರ ಎದುರು ಕನ್ನಡಿ. ಮೂಲೆಯಲ್ಲಿ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಒಬ್ಬರು ಆಗಲೇ ಕೂತಿದ್ದರು. ಅವರು ರಂಗಕ್ಕೆ ಬರುವುದು ನಡುರಾತ್ರಿ ಕಳೆದ ಮೇಲೆ. ಅಕ್ಕಿಹಿಟ್ಟು, ಸುಣ್ಣ ಕಲಸಿದ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ತೆಗೆದು ಮುಖದ ಮೇಲೆ ಒಂದೊಂದೇ ಚಿಟ್ಟಿ ಇಡುತ್ತಿದ್ದರು. ಇಟ್ಟದ್ದು ಒಣಗಬೇಕು, ಅದರ ಮೇಲೆ ಇನ್ನೊಂದು. ಹುಬ್ಬಿನಿಂದ ಕೆನ್ನೆಯವರೆಗೆ ಮುಳ್ಳಿನ ಸಾಲು ಏಳುತ್ತಿತ್ತು. ಕನ್ನಡಿಯಲ್ಲಿ ಕಣ್ಣು ಮಿಟುಕಿಸದೆ ನೋಡುತ್ತಾ, ಎಡಗಡೆ ಇಟ್ಟದ್ದಕ್ಕೆ ಬಲಗಡೆ ಜೋಡಿ ಕೂರಿಸುತ್ತಿದ್ದರು. ನಾನು ಪೆನ್ಸಿಲಿನಲ್ಲಿ ಗೀಚುತ್ತಾ ಕೂತೆ.

ಒಂದು ಸಲ ಹಿಟ್ಟು ಒಣಗಲು ಬಿಟ್ಟು, ನನ್ನ ಪುಸ್ತಕ ಇಸಿದುಕೊಂಡು ನೋಡಿದರು. ಮುಖ ಅಲುಗಬಾರದು ಅಂತ ತುಟಿ ಮಾತ್ರ ಆಡಿಸಿ ಹೇಳಿದರು: "ನಿಮ್ಮದು ಕಾಗದದಲ್ಲಿ ಉಳೀತದೆ. ನನ್ನದು ಬೆಳಿಗ್ಗೆ ಎಣ್ಣೆ ಹಾಕಿ ಉಜ್ಜಿದ್ರೆ ಹೋಯ್ತು. ನಾಳೆ ಪುನಃ ಬರೀಬೇಕು." ಬೇಸರದ ದನಿ ಅಲ್ಲ ಅದು. ಮತ್ತೆ ಕಡ್ಡಿ ತೆಗೆದುಕೊಂಡು, ಕಣ್ಣಿನ ಕೆಳಗೆ ಸ್ವಲ್ಪ ಓರೆಯಾಗಿದ್ದ ಒಂದು ಚಿಟ್ಟಿಯನ್ನು ಕಿತ್ತು ಹೊಸತಾಗಿ ಇಟ್ಟರು. ಗದ್ದೆಯಲ್ಲಿ ಕೂತವರಿಗೆ ಅದು ಕಾಣುವುದೇ ಇಲ್ಲ. ಮಳೆಗಾಲದ ನಂತರ ಹೊರಟ ಮೇಳ ಮೇ ಕೊನೆಯ ಪತ್ತನಾಜೆಯವರೆಗೆ ತಿರುಗುತ್ತದೆ. ಅಷ್ಟೂ ರಾತ್ರಿ ಇದೇ ಮುಖ, ಇದೇ ಕನ್ನಡಿ, ಓರೆಯಾದದ್ದನ್ನು ಕಿತ್ತು ಮತ್ತೆ ಇಡುವುದು. ಆವತ್ತು ಬೆಳಗಿನ ಜಾವ ಮಲಗಿದಾಗಲೂ ನನ್ನ ಕಣ್ಣಲ್ಲಿ ಆ ಬೆರಳುಗಳೇ ಇದ್ದವು.

ಮರುದಿನ ಬೇಕಲ ಕೋಟೆಗೆ ಹೋಗಿ ಬಂದೆವು. ಹದಿನೇಳನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ, ಸುಮಾರು 40 ಎಕರೆ, ಮೂರು ಕಡೆ ಕಡಲು. ರಜೆಯ ಜನ ಬಹಳ ಇದ್ದರು. ಒಂದು ಚಿತ್ರ ಮಾಡಿದೆ, ಚೆನ್ನಾಗಿ ಬರಲಿಲ್ಲ. ಕಡಲ ಕಡೆ ಎಲ್ಲರೂ ನೋಡುತ್ತಿದ್ದರು, ನಾನು ಗೋಡೆ ಮುಟ್ಟಿಕೊಂಡು ನಡೆದೆ. ಅದೇ ಮುರಕಲ್ಲು. ಉಪ್ಪುಗಾಳಿಗೆ ಕಪ್ಪಾಗಿತ್ತು. ಮೂಲೆ ಒಡೆದ ಒಂದು ಕಲ್ಲಿನೊಳಗೆ ಮಾತ್ರ ಕೆಂಪು ಹಾಗೇ ಇತ್ತು.

ಕೊನೆಯ ಬೆಳಿಗ್ಗೆ ಬಟ್ಟಲಿನ ಬಣ್ಣ ಪೂರ್ತಿ ಒಣಗಿತ್ತು. ಚಮಚದ ಹಿಂಬದಿಯಿಂದ ಹುಡಿ ಮಾಡಿ, ನನ್ನ ಬಳಿ ಇದ್ದ ಅರೇಬಿಕ್ ಗೋಂದಿನ ನೀರು ಸೇರಿಸಿ, ಅಮ್ಮನ ಭರಣಿಯಿಂದ ಒಂದು ತೊಟ್ಟು ಜೇನು ಹಾಕಿ ಕಲಸಿದೆ. ಜೇನು ಹಾಕಿದರೆ ಬಣ್ಣ ಒಣಗಿ ಬಿರಿಯುವುದಿಲ್ಲ. ಜಗಲಿಯಲ್ಲಿ ಕೂತು ಮೊದಲ ಗೆರೆ ಎಳೆದೆ. ಕಾಗದದ ಸಣ್ಣ ಸಣ್ಣ ಗುಳಿಗಳಲ್ಲಿ ಹುಡಿ ನಿಂತಿತು, ಉಬ್ಬುಗಳಲ್ಲಿ ತೆಳುವಾಯಿತು. ಕೋರೆಯ ಗೋಡೆಯಲ್ಲಿ ಕಂಡ ಹಳದಿ, ಗುಲಾಬಿ ಎರಡೂ ಅದರೊಳಗೇ ಇದ್ದವು. ನಾನು ಏನೂ ಬೆರೆಸಬೇಕಾಗಲಿಲ್ಲ. ಕರಾವಳಿಯ ಗಾಳಿಯಲ್ಲಿ ತೇವ ಬೇಗ ಆರುವುದಿಲ್ಲ, ಹಾಗಾಗಿ ಅಂಚು ಮೆಲ್ಲಗೆ ಹರಡುವುದನ್ನು ನೋಡುತ್ತಾ ಕೂರಲು ಸಮಯ ಸಿಕ್ಕಿತು. ಎದೆಯೊಳಗೆ ಏನೋ ಸಡಿಲವಾಯಿತು.

ಅಮ್ಮ ಬಂದು ಬಗ್ಗಿ ನೋಡಿದರು. "ಇದು ನಮ್ಮ ಗುಡ್ಡೆಯ ಮಣ್ಣೇ ಅಲ್ವಾ?"

"ಹೌದಮ್ಮಾ."

ಸ್ವಲ್ಪ ಹೊತ್ತು ನಿಂತರು. ಹಟ್ಟಿಯ ಎದುರು ಅವರ ದನ ಕಟ್ಟಿತ್ತು, ಕಾಸರಗೋಡು ಗಿಡ್ಡ ತಳಿ, ನನ್ನ ಸೊಂಟದೆತ್ತರವೂ ಇಲ್ಲ. ಬೆಳಗಿನ ಬಿಸಿಲಿಗೆ ಅದರ ಬೆನ್ನು ಥೇಟ್ ಇದೇ ಕೆಂಪು.

"ಹಾಗಾದ್ರೆ ಇದರಲ್ಲಿ ನಮ್ಮ ಗೌರಿಯನ್ನು ಬಿಡಿಸ್ಲಿಕ್ಕೆ ಆಗ್ತದಾ ಮಗಾ?"

ರೈಲಿಗೆ ಇನ್ನು ಒಂದು ಗಂಟೆ ಇತ್ತು. ಗೆಳೆಯ ಬೈಕಿನ ಕೀ ಹಿಡಿದು ಅಂಗಳದಲ್ಲಿ ನಿಂತಿದ್ದ. ನಾನು ಹೊಸ ಹಾಳೆ ತೆಗೆದೆ. ಗೌರಿ ಒಂದು ಕಡೆ ನಿಲ್ಲುವ ದನವಲ್ಲ. ತಲೆ ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು, ಬಾಲ ಬೀಸಿದಳು. ಅಮ್ಮ ಒಂದು ಹಿಡಿ ಹುಲ್ಲು ಹಿಡಿದು ಅವಳನ್ನು ಬಿಸಿಲಿಗೆ ನಿಲ್ಲಿಸಿದರು. ಮಾಷ್ಟ್ರು ಪೇಪರ್ ಮಡಚಿಟ್ಟು ಹತ್ತಿರ ಬಂದರು. ಮೂರನೇ ಸಲಕ್ಕೆ ಬೆನ್ನಿನ ಗೆರೆ ಸರಿಯಾಗಿ ಕೂತಿತು. ತಲೆ ಎತ್ತಿ, "ಬಂತು, ನೋಡಿ ಬನ್ನಿ" ಅಂತ ಎಲ್ಲರನ್ನೂ ಕರೆದೆ. ಗೆಳೆಯ ಬೈಕಿನ ಕೀ ಜೇಬಿಗೆ ಹಾಕಿಕೊಂಡು ಜಗಲಿ ಹತ್ತಿದ.

ಸಂಜೆಯ ರೈಲಿಗೆ ಹೊರಟೆ.