ಮೊದಲು ಲೇಬಲ್ ಓದಿ, ಆಮೇಲೆ ಮುಳ್ಳು ಇಡಿ

ಮೈಸೂರಿನ ಹಳೇ ಮನೆಗಳ ಅಟ್ಟದಿಂದ ಇಳಿದು ಬರುವ ಗ್ರಾಮಫೋನ್ ಪ್ಲೇಟುಗಳನ್ನು ಕಂಪ್ಯೂಟರ್‌ಗೆ ಇಳಿಸಿಕೊಡುವುದು ನನ್ನ ಕೆಲಸ. ಹೊಸದಾಗಿ ಬರುವ ಹುಡುಗರಿಗೆ ಮೊದಲು ಲೇಬಲ್ ಓದುವುದನ್ನೇ ಕಲಿಸುತ್ತೇನೆ.

ಲೇಬಲ್‌ನಲ್ಲಿ ಪ್ಲೇಟಿನ ನಂಬರಿಗೆ ಮೊದಲು ಬರುವ ಅಕ್ಷರಗಳನ್ನು ಸುಮ್ನೆ ಹಾಕಿರುವುದಿಲ್ಲ. ನಮ್ಮ ದೇಶದ ಎಚ್‌ಎಂವಿ ಕಂಪನಿಯ ಎಲ್‌ಪಿಯಲ್ಲಿ, ಅಂದರೆ ಹೆಚ್ಚು ಹೊತ್ತು ಓಡುವ ಪ್ಲೇಟಿನಲ್ಲಿ, ಇಸಿಎಲ್‌ಪಿ ಅಂದರೆ ಮೋನೋ (ಎರಡೂ ಕಡೆ ಒಂದೇ ಸದ್ದು), ಇಸಿಎಸ್‌ಡಿ ಅಂದರೆ ಸ್ಟೀರಿಯೋ (ಎಡ, ಬಲ ಬೇರೆ ಬೇರೆ). ಮೋನೋ ಆದರೆ ಎಡ, ಬಲ ಚಾನೆಲ್ ಎರಡನ್ನೂ ಸೇರಿಸಿಬಿಡಿ, ಚರಚರ ಸದ್ದು ಎಷ್ಟೋ ತಗ್ಗುತ್ತದೆ. ಇಂಗ್ಲೆಂಡಿನ ಎಚ್‌ಎಂವಿಯ 78 ಸ್ಪೀಡಿನ (ನಿಮಿಷಕ್ಕೆ 78 ಸುತ್ತು) ಪ್ಲೇಟಿನ ಕೆಂಪು ಲೇಬಲ್‌ನಲ್ಲಿ ಡಿಎ 10 ಇಂಚು, ಡಿಬಿ 12 ಇಂಚು.

ಜಾಸ್ತಿ ಕಾಡುವುದು ಸೈಡ್‌ಗಳ ಕ್ರಮ. 12 ಇಂಚಿನ 78ರ ಒಂದು ಸೈಡ್‌ನಲ್ಲಿ ನಾಲ್ಕೈದು ನಿಮಿಷ ಅಷ್ಟೇ ಹಿಡಿಯುತ್ತಿತ್ತು. ಹಾಗಾಗಿ ದೊಡ್ಡ ಕೃತಿಗಳು ಪುಸ್ತಕದಂಥ ಆಲ್ಬಮ್‌ನಲ್ಲಿ ಹಲವು ಪ್ಲೇಟುಗಳಾಗಿ ಬರುತ್ತಿದ್ದವು. ಮೂರು ಪ್ಲೇಟಿನ ಸೆಟ್ಟು ಅಂದುಕೊಳ್ಳಿ. ಕೈಯಲ್ಲಿ ತಿರುಗಿಸಿ ಹಾಕುವುದಾದರೆ ಒಂದೊಂದು ಪ್ಲೇಟಿನ ಎರಡು ಸೈಡ್‌ಗಳು 1-2, 3-4, 5-6. ಆದರೆ ಚೇಂಜರ್ (ತಾನೇ ಪ್ಲೇಟ್ ಬದಲಿಸುವ ಸಾಧನ) ಇರುವ ಮೆಷಿನ್‌ನಲ್ಲಿ ಪ್ಲೇಟುಗಳು ಒಂದರ ಮೇಲೊಂದು ಬೀಳುತ್ತವೆ, ಮೂರೂ ಮುಗಿದ ಮೇಲೆ ಇಡೀ ಕಟ್ಟನ್ನು ಒಟ್ಟಿಗೆ ಮಗುಚಿ ಹಾಕಬೇಕು, ಅದಕ್ಕೇ ಅಂಥ ಸೆಟ್ಟಿನಲ್ಲಿ 1ರ ಬೆನ್ನಿಗೆ 6, 2ರ ಬೆನ್ನಿಗೆ 5, 3ರ ಬೆನ್ನಿಗೆ 4 ಇರುತ್ತದೆ. ಅಮೆರಿಕದ ಕೊಲಂಬಿಯಾ ಕಂಪನಿಯ ಸೆಟ್ಟುಗಳಲ್ಲಿ ಇದು ಅಕ್ಷರದಲ್ಲೇ ಗೊತ್ತಾಗುತ್ತದೆ: ಎಂ ಇದ್ದರೆ ಕೈಯಿಂದ ಹಾಕುವುದು, ಎಂಎಂ ಇದ್ದರೆ ಚೇಂಜರ್‌ಗೆ.

ಒಬ್ಬರು ಬೇರೆ ಕಡೆ ಮಾಡಿಸಿದ್ದ ಫೈಲ್ ತಂದಿದ್ದರು. ಡಬಲ್ ಎಲ್‌ಪಿ, 1-4, 2-3 ಜೋಡಿ. ಪ್ಲೇಟ್ ತಿರುಗಿಸಿದ ಕ್ರಮದಲ್ಲೇ ಇಳಿಸಿದ್ದರಿಂದ ಒಂದನೇ ಸೈಡ್ ಮುಗಿಯುತ್ತಿದ್ದಂತೆ ಕೊನೆಯ ಭಾಗ ಶುರು! ಕೇಳಿ ನನಗೆ ಸಂಕಟವಾಯಿತು. ಅದನ್ನೇ ಸರಿಯಾದ ಕ್ರಮ ಅಂದುಕೊಂಡು ಮನೆಯವರೆಲ್ಲ ಕೇಳುತ್ತಿದ್ದರು. ಈ ಊರಿನ ಮಹಾರಾಜರು, ಜಯಚಾಮರಾಜ ಒಡೆಯರ್, ರಷ್ಯಾದ ಸಂಗೀತ ರಚನೆಕಾರ ಮೆಟ್ನರ್ ಅವರ ಸಂಗೀತ ಉಳಿಯಲಿ ಅಂತ ಸ್ವಂತ ಹಣ ಕೊಟ್ಟು ಎಚ್‌ಎಂವಿಯಲ್ಲಿ 78ರ ಆಲ್ಬಮ್‌ಗಳನ್ನೇ ಮಾಡಿಸಿದವರು. ಇಲ್ಲಿ ಕೂತು ನಾವು ಸೈಡ್ ಅದಲು ಬದಲು ಮಾಡಬಾರದು, ಅಲ್ವಾ?

ಫೈಲಿನ ಹೆಸರಿನಲ್ಲಿ ಪ್ಲೇಟಿನ ನಂಬರಿನ ಜೊತೆ ಸೈಡ್ ನಂಬರನ್ನೂ ಬರೆಯಿರಿ. ಲೇಬಲ್ ಹರಿದಿದ್ದರೆ ಅದರ ಸುತ್ತಲಿನ ನುಣುಪು ಜಾಗ ನೋಡಿ. ಅಲ್ಲಿ ಕೊರೆದಿರುವ ಮ್ಯಾಟ್ರಿಕ್ಸ್ ನಂಬರ್ ಒಂದೊಂದು ಸೈಡ್‌ಗೆ ಒಂದೊಂದು. ಪ್ಲೇಟ್ ವಾಪಸ್ ಕೊಡುವಾಗ ಆಲ್ಬಮ್‌ನ ಒಳಗಡೆ ಈ ಜೋಡಿಗಳನ್ನು ಬರೆದ ಚೀಟಿ ಇಡಿ, ಇಲ್ಲದಿದ್ದರೆ ಯಾರೋ ಕ್ರಮ ತಪ್ಪಿದೆ ಅಂದುಕೊಂಡು ಪ್ಲೇಟುಗಳನ್ನು ಬೇರೆ ಬೇರೆ ಕವರಿಗೆ ಹಾಕಿಬಿಡುತ್ತಾರೆ.